ಎರಡು ಸರೋವರಗಳ ನಡುವೆ ಮಕ್ಕಳ ಕಲಾಶಿಬಿರ

ಅಮೆರಿಕದ ಮಿಷಿಗನ್ ರಾಜ್ಯದ ಉತ್ತರ ಭಾಗದಲ್ಲಿ ಟ್ರಾವರ್ಸ್ ಸಿಟಿ ಎಂಬ ಪೇಟೆಯಿದೆ. ಅಲ್ಲಿಂದ ನೈಋತ್ಯಕ್ಕೆ ಸುಮಾರು 25 ಕಿಲೋಮೀಟರ್ ಹೋದರೆ ಗ್ರೀನ್ ಲೇಕ್, ಡಕ್ ಲೇಕ್ ಎಂಬ ಎರಡು ಸರೋವರಗಳು ಸಿಗುತ್ತವೆ. ಅವುಗಳ ನಡುವಿನ ಪೈನ್ ಕಾಡಿನ ನೆಲವೇ ಇಂಟರ್‌ಲಾಕನ್. ಪ್ರತಿ ವರ್ಷ ಜೂನ್ ಕೊನೆಯಿಂದ ಆಗಸ್ಟ್ ಆರಂಭದವರೆಗೆ ಇಲ್ಲಿ ಮಕ್ಕಳ ಕಲಾಶಿಬಿರ ನಡೆಯುತ್ತದೆ. ಮೂರನೇ ತರಗತಿಯಿಂದ ಹನ್ನೆರಡನೇ ತರಗತಿಯವರೆಗಿನ ಮೂರು ಸಾವಿರದ ಆಸುಪಾಸು ಮಕ್ಕಳು ಒಂದೊಂದು ಅವಧಿಗೆ ಬಂದು, ಮರದ ಕ್ಯಾಬಿನ್‌ಗಳಲ್ಲಿ ಉಳಿದು, ಸಂಗೀತ, ನಾಟಕ, ನೃತ್ಯ, ಚಿತ್ರಕಲೆ, ಬರವಣಿಗೆ, ಸಿನಿಮಾ ಇವುಗಳಲ್ಲಿ ಒಂದನ್ನು ಹಗಲಿಡೀ ಕಲಿಯುತ್ತಾರೆ. 1928ರಲ್ಲಿ ಶುರುವಾದ ಈ ಶಿಬಿರ ಮಕ್ಕಳ ವಸತಿ ಕಲಾಶಿಬಿರಗಳಲ್ಲಿ ಬಹಳ ಹಳೆಯದು. ಆಮೇಲೆ ಹುಟ್ಟಿಕೊಂಡ ಎಷ್ಟೋ ಶಿಬಿರಗಳು ಇದರ ಅಚ್ಚಿನಲ್ಲೇ ಎರಕಗೊಂಡವು.

ಕರ್ನಾಟಕದಲ್ಲಿ ಬೇಸಿಗೆ ಶಿಬಿರವೆಂದರೆ ಏಪ್ರಿಲ್-ಮೇ ತಿಂಗಳಲ್ಲಿ ಬೆಳಿಗ್ಗೆ ಹೋಗಿ ಮಧ್ಯಾಹ್ನಕ್ಕೋ ಸಂಜೆಗೋ ಮನೆಗೆ ಮರಳುವ ಏರ್ಪಾಡು. ಅಮೆರಿಕದ ರೂಢಿ ಬೇರೆ. ಅಲ್ಲಿ ಶಾಲೆಗೆ ಜೂನ್‌ನಲ್ಲಿ ಬೀಗ ಬಿದ್ದರೆ ಮತ್ತೆ ತೆರೆಯುವುದು ಆಗಸ್ಟ್ ಕೊನೆಗೆ ಅಥವಾ ಸೆಪ್ಟೆಂಬರ್‌ಗೆ. ಈ ದೀರ್ಘ ರಜೆಯಲ್ಲಿ ಮಕ್ಕಳನ್ನು ವಾರಗಟ್ಟಲೆ ಕಾಡಿನ ಶಿಬಿರಕ್ಕೆ ಕಳಿಸುವುದು ಹತ್ತೊಂಬತ್ತನೇ ಶತಮಾನದ ಕೊನೆಯಿಂದಲೇ ನಡೆದುಬಂದದ್ದು. ಈಜು, ದೋಣಿ, ಬೆಂಕಿಯ ಸುತ್ತ ಕೂತು ಹಾಡು, ಕ್ಯಾಬಿನ್‌ಗೊಬ್ಬ ಹಿರಿಯ ಕೌನ್ಸೆಲರ್ ಇವೆಲ್ಲ ಆ ಶಿಬಿರಗಳ ಮಾಮೂಲು ಸಾಮಗ್ರಿ. ಇಂಟರ್‌ಲಾಕನ್‌ನ ಸ್ಥಾಪಕ ಹೊಸ ರೀತಿಯ ಶಿಬಿರವನ್ನೇನೂ ಕಟ್ಟಲಿಲ್ಲ. ಇದ್ದ ಚೌಕಟ್ಟಿನೊಳಗೇ ಪಿಟೀಲು, ಕೊಳಲು, ತುತ್ತೂರಿಗಳನ್ನು ತಂದಿಟ್ಟರು. ಪೋಷಕರಿಗೆ ಪರಿಚಿತವಾದ ವ್ಯವಸ್ಥೆಯಾದ್ದರಿಂದ ಮಕ್ಕಳನ್ನು ಕಳಿಸಲು ಅವರು ಹೆಚ್ಚು ಹಿಂಜರಿಯಲಿಲ್ಲ.

ಆ ಸ್ಥಾಪಕರ ಹೆಸರು ಜೋಸೆಫ್ ಮ್ಯಾಡಿ. ಕ್ಯಾನ್ಸಸ್ ರಾಜ್ಯದ ವೆಲ್ಲಿಂಗ್ಟನ್‌ನಲ್ಲಿ 1891ರಲ್ಲಿ ಹುಟ್ಟಿದ ಅವರು ಚಿಕ್ಕ ವಯಸ್ಸಿನಲ್ಲೇ ಮಿನಿಯಾಪೊಲಿಸ್ ಸಿಂಫನಿ ಆರ್ಕೆಸ್ಟ್ರಾದಲ್ಲಿ ವಾದಕರಾದರು. ಆದರೆ ಅವರ ಒಲವಿದ್ದದ್ದು ಶಾಲೆಗಳ ಕಡೆಗೆ. ರಾಚೆಸ್ಟರ್, ಇಂಡಿಯಾನಾದ ರಿಚ್ಮಂಡ್, ಆಮೇಲೆ ಮಿಷಿಗನ್‌ನ ಆನ್ ಆರ್ಬರ್ ಹೀಗೆ ಊರಿಂದ ಊರಿಗೆ ಹೋಗಿ ಸರ್ಕಾರಿ ಶಾಲೆಗಳ ಸಂಗೀತ ಬೋಧನೆಯ ಮೇಲ್ವಿಚಾರಣೆ ನಡೆಸಿದರು. ವಾದ್ಯವನ್ನು ಒಬ್ಬೊಬ್ಬರಿಗೆ ಬೇರೆ ಬೇರೆಯಾಗಿ ಹೇಳಿಕೊಡದೆ ಇಡೀ ತರಗತಿಗೆ ಒಟ್ಟಿಗೆ ಕಲಿಸಬಹುದು ಎಂಬುದು ಅವರ ನಂಬಿಕೆ. ಮಿನಿಯಾಪೊಲಿಸ್‌ನ ಸಂಗೀತ ಶಿಕ್ಷಕ ಟಿ. ಪಿ. ಗಿಡಿಂಗ್ಸ್ ಅವರ ಜೊತೆ ಸೇರಿ ಇದಕ್ಕೊಂದು ಪಠ್ಯವನ್ನೂ ಬರೆದರು. ಶಿಬಿರ ಕಟ್ಟುವಾಗಲೂ ಗಿಡಿಂಗ್ಸ್ ಅವರೇ ಜೊತೆಗಾರ.

ಮ್ಯಾಡಿ ಎದುರಿಸಿದ ತೊಡಕು ತೀರಾ ಲೌಕಿಕವಾದದ್ದು. ಸಣ್ಣ ಊರಿನ ಶಾಲೆಯಲ್ಲಿ ಒಬ್ಬ ಹುಡುಗ ಓಬೋವನ್ನೋ ಬಸೂನನ್ನೋ ಚೆನ್ನಾಗಿ ಕಲಿತ ಎಂದಿಟ್ಟುಕೊಳ್ಳೋಣ. ಆ ವಾದ್ಯಗಳಿಗೆ ನಿಜವಾದ ಕೆಲಸವಿರುವುದು ದೊಡ್ಡ ಆರ್ಕೆಸ್ಟ್ರಾದಲ್ಲಿ. ಊರಲ್ಲಿ ಅಂಥ ಆರ್ಕೆಸ್ಟ್ರಾ ಇಲ್ಲ. ಇದ್ದರೂ ಪಿಟೀಲಿನವರು ಕಡಿಮೆ, ವಿಯೋಲಾದವರು ಇಲ್ಲವೇ ಇಲ್ಲ ಎಂಬ ಸ್ಥಿತಿ. ಕಲಿತ ವಿದ್ಯೆಯನ್ನು ಪ್ರಯೋಗಿಸಲು ಜೊತೆಗಾರರೇ ಇಲ್ಲದೆ ಆ ಹುಡುಗ ವಾದ್ಯವನ್ನು ಮೂಲೆಗಿಡುತ್ತಾನೆ. ಒಳ್ಳೆಯ ಗುರು ಸಿಕ್ಕರೂ ಪರಿಹಾರವಾಗದ ಕೊರತೆ ಇದು, ಏಕೆಂದರೆ ಅವನಿಗೆ ಬೇಕಾಗಿರುವುದು ಪಕ್ಕದಲ್ಲಿ ಕೂತು ನುಡಿಸುವ ಇನ್ನೂ ಎಂಬತ್ತು ಮಂದಿ. ಇಂಟರ್‌ಲಾಕನ್‌ನ ವಸತಿ ವ್ಯವಸ್ಥೆ ಹುಟ್ಟಿದ್ದು ಈ ಅಗತ್ಯದಿಂದ.

1926ರಲ್ಲಿ ಡೆಟ್ರಾಯಿಟ್‌ನಲ್ಲಿ ಸಂಗೀತ ಶಿಕ್ಷಕರ ರಾಷ್ಟ್ರೀಯ ಸಮ್ಮೇಳನ ನಡೆದಾಗ ಮ್ಯಾಡಿ ದೇಶದ ನಾನಾ ಕಡೆಯ ಪ್ರೌಢಶಾಲಾ ವಿದ್ಯಾರ್ಥಿಗಳನ್ನು ಸೇರಿಸಿ ಒಂದು ಆರ್ಕೆಸ್ಟ್ರಾ ಕಟ್ಟಿದರು. ಮಕ್ಕಳು ಕೆಲವೇ ದಿನಗಳ ತಾಲೀಮಿನಲ್ಲಿ ಪಕ್ವವಾಗಿ ನುಡಿಸಿದ್ದು ಅಲ್ಲಿದ್ದವರನ್ನು ಬೆರಗುಗೊಳಿಸಿತು. ಮರುವರ್ಷ ಡಲಾಸ್‌ನಲ್ಲಿ ಇಂಥದ್ದೇ ತಂಡ ಸೇರಿತು. ಸಮ್ಮೇಳನ ಮುಗಿದು ಮನೆಗೆ ಹೊರಡುವ ಹೊತ್ತಿಗೆ ಮಕ್ಕಳಿಗೆ ಇನ್ನಷ್ಟು ದಿನ ಹೀಗೆಯೇ ನುಡಿಸುವ ಆಸೆ. ಇಡೀ ಬೇಸಿಗೆ ಒಟ್ಟಿಗಿದ್ದು ನುಡಿಸುವ ಯೋಜನೆ ಮೊಳೆತದ್ದು ಅಲ್ಲಿ.

ಜಾಗ ಸಿಕ್ಕಿದ್ದು ವಿಲ್ಲಿಸ್ ಪೆನ್ನಿಂಗ್ಟನ್ ಎಂಬ ಹೋಟೆಲ್ ಮಾಲೀಕರಿಂದ. ಅವರ ಹೋಟೆಲ್ ಸರೋವರದ ದಂಡೆಯಲ್ಲಿತ್ತು. ಪಕ್ಕದಲ್ಲೇ ರಾಜ್ಯ ಸರ್ಕಾರ 1917ರಲ್ಲಿ ಕೊಂಡು ಉದ್ಯಾನವಾಗಿ ಕಾಪಾಡಿದ ಹಳೆಯ ಪೈನ್ ಕಾಡು. ಮಿಷಿಗನ್‌ನ ಪೈನ್ ಕಾಡುಗಳನ್ನು ಮರದ ವ್ಯಾಪಾರಿಗಳು ಬಹುಪಾಲು ನೆಲಸಮ ಮಾಡಿದ್ದ ಕಾಲ ಅದು, ಹೀಗಾಗಿ ಆ ಉಳಿಕೆಯ ಮರಗಳಿಗೆ ವಿಶೇಷ ಬೆಲೆಯಿತ್ತು. ಶಿಬಿರದ ನಿಮಿತ್ತ ಬಂದುಹೋಗುವ ಜನ ತಮ್ಮ ಹೋಟೆಲಿಗೆ ಗಿರಾಕಿಗಳಾಗುತ್ತಾರೆ ಎಂಬ ಲೆಕ್ಕ ಪೆನ್ನಿಂಗ್ಟನ್‌ರದ್ದು. 1928ರ ಜೂನ್‌ನಲ್ಲಿ 115 ಮಕ್ಕಳೊಂದಿಗೆ ಎಂಟು ವಾರಗಳ ಮೊದಲ ಶಿಬಿರ ಶುರುವಾಯಿತು. ಬಯಲು ರಂಗಮಂಟಪವೊಂದನ್ನು ತರಾತುರಿಯಲ್ಲಿ ಎಬ್ಬಿಸಲಾಗಿತ್ತು. ಸಾಲ ಮಾತ್ರ ಮೊದಲ ವರ್ಷದಿಂದಲೇ ಬೆನ್ನುಹತ್ತಿತು. ಮರುವರ್ಷ ಷೇರುಪೇಟೆ ಕುಸಿದು ಆರ್ಥಿಕ ಮುಗ್ಗಟ್ಟು ಆವರಿಸಿದಾಗ ಶಿಬಿರ ಮುಚ್ಚದೆ ಉಳಿದದ್ದರ ಹಿಂದೆ ಮ್ಯಾಡಿಯವರ ಹಟದ ಪಾಲು ದೊಡ್ಡದು. ಊರೂರು ತಿರುಗಿ ದಾನಿಗಳ ಬಾಗಿಲು ಬಡಿಯುವುದು 1966ರಲ್ಲಿ ಅವರು ಸಾಯುವವರೆಗೂ ತಪ್ಪಲಿಲ್ಲ.

ಶಿಬಿರದ ದಿನ ಬೆಳಗಿನ ಬ್ಯೂಗಲ್ ಸದ್ದಿನಿಂದ ಆರಂಭ. ಎದ್ದು ಹಾಸಿಗೆ ಮಡಚಿ, ಕ್ಯಾಬಿನ್ ಗುಡಿಸಿ, ತಪಾಸಣೆಗೆ ಸಿದ್ಧವಾಗಿಡುವುದು ಮಕ್ಕಳದೇ ಕೆಲಸ. ತಿಂಡಿಯ ಬಳಿಕ ತರಗತಿಗಳು. ಆರ್ಕೆಸ್ಟ್ರಾ ಅಥವಾ ಬ್ಯಾಂಡಿನ ತಾಲೀಮು ಎಲ್ಲರೂ ಸೇರಿ. ಅದಕ್ಕೂ ಮೊದಲೋ ಆಮೇಲೋ ಒಂದೊಂದು ವಾದ್ಯದವರು ಪ್ರತ್ಯೇಕವಾಗಿ ಕೂತು ತಮ್ಮ ಭಾಗವನ್ನು ತಿದ್ದಿಕೊಳ್ಳುತ್ತಾರೆ. ಕಾಡಿನ ತುಂಬ ಚದುರಿದಂತೆ ಪುಟ್ಟ ಗುಡಿಸಲುಗಳಿವೆ. ಒಬ್ಬರು ಕೂತು ಅಭ್ಯಾಸ ಮಾಡುವಷ್ಟೇ ಜಾಗ. ಒಂದು ಗುಡಿಸಲಿನಿಂದ ಚೆಲ್ಲೋ, ಪಕ್ಕದ್ದರಿಂದ ತುತ್ತೂರಿ, ಇನ್ನೊಂದರಿಂದ ಪಿಯಾನೊ ಹೊಮ್ಮುತ್ತಿದ್ದರೂ ಯಾರೂ ಯಾರಿಗೂ ಅಡ್ಡಿಯಿಲ್ಲ. ಊಟವಾದ ಮೇಲೆ ವಿಶ್ರಾಂತಿ, ಈಜು, ಮತ್ತೆ ತರಗತಿ. ರಾತ್ರಿ ಯಾವುದಾದರೊಂದು ಕಾರ್ಯಕ್ರಮ ಇದ್ದೇ ಇರುತ್ತದೆ: ಕೆಲವೊಮ್ಮೆ ಅತಿಥಿ ಕಲಾವಿದರದ್ದು, ಕೆಲವೊಮ್ಮೆ ಗುರುಗಳದ್ದು, ಹೆಚ್ಚಾಗಿ ಮಕ್ಕಳದ್ದೇ.

ಈ ದಿನಚರಿಯ ತಿರುಳು ಅದರ ವೇಗದಲ್ಲಿದೆ. ಶಾಲೆಯ ಆರ್ಕೆಸ್ಟ್ರಾ ಒಂದು ಕೃತಿಯನ್ನು ವಾರಕ್ಕೆ ಎರಡು ಮೂರು ತಾಸಿನಂತೆ ತಿಂಗಳುಗಟ್ಟಲೆ ಅಭ್ಯಾಸ ಮಾಡಿ ಒಮ್ಮೆ ನುಡಿಸುತ್ತದೆ. ಇಲ್ಲಿ ದೊಡ್ಡ ಮಕ್ಕಳ ಆರ್ಕೆಸ್ಟ್ರಾ ವಾರಕ್ಕೊಂದು ಹೊಸ ಕಾರ್ಯಕ್ರಮ ಸಿದ್ಧಪಡಿಸಬೇಕು. ವಾರದ ಮೊದಲ ದಿನ ಸ್ವರಲಿಪಿ ಕೈಗೆ ಬಂದರೆ ಕೊನೆಗೆ ಅದು ವೇದಿಕೆಗೆ ಏರಬೇಕು. ನೋಡಿದ ಕೂಡಲೇ ನುಡಿಸುವ ಕೌಶಲ, ತಪ್ಪಿದರೂ ನಿಲ್ಲದೆ ಮುಂದಿನ ಆವರ್ತದಲ್ಲಿ ಸೇರಿಕೊಳ್ಳುವ ಎಚ್ಚರ, ಪಕ್ಕದವರ ಉಸಿರನ್ನು ಕೇಳಿ ತಾನೂ ಉಸಿರೆಳೆದು ಶುರುಮಾಡುವ ಅಭ್ಯಾಸ ಇವೆಲ್ಲ ಒಬ್ಬರೇ ಕೂತು ಸಾಧಿಸಲಾಗದ ಸಂಗತಿಗಳು. ವೃತ್ತಿನಿರತ ಆರ್ಕೆಸ್ಟ್ರಾಗಳು ನಡೆಯುವುದು ಇದೇ ವೇಗದಲ್ಲಿ. ಹದಿನಾರರ ಹುಡುಗಿ ಆರು ವಾರ ಹೀಗೆ ದುಡಿದರೆ ಈ ಬದುಕು ತನಗೆ ಒಗ್ಗುತ್ತದೋ ಇಲ್ಲವೋ ಎಂಬುದು ಅವಳಿಗೇ ತಿಳಿದುಬಿಡುತ್ತದೆ. ಒಗ್ಗದು ಎಂದು ಆ ವಯಸ್ಸಿಗೇ ಗೊತ್ತಾಗುವುದೂ ಸಣ್ಣ ಲಾಭವಲ್ಲ.

ಇಂಟರ್‌ಲಾಕನ್‌ನ ಹಳೆಯ ವಿದ್ಯಾರ್ಥಿಗಳು ಇಂದಿಗೂ ಬಿಸಿಬಿಸಿಯಾಗಿ ಚರ್ಚಿಸುವ ಒಂದು ಪದ್ಧತಿಯಿತ್ತು. ಅದಕ್ಕೆ ಚಾಲೆಂಜ್ ಎಂದು ಹೆಸರು. ಆರ್ಕೆಸ್ಟ್ರಾದಲ್ಲಿ ಮುಂದಿನ ಕುರ್ಚಿ ಹಿರಿಮೆಯದು, ಹಿಂದಿನದು ಅದಕ್ಕಿಂತ ಕೆಳಗಿನದು. ದಶಕಗಳ ಕಾಲ ಇಲ್ಲಿ ಈ ಕುರ್ಚಿಗಳನ್ನು ವಾರವಾರವೂ ಪಣಕ್ಕಿಡಲಾಗುತ್ತಿತ್ತು. ಹಿಂದಿನವರು ಮುಂದಿನವರಿಗೆ ಸವಾಲೊಡ್ಡುವುದು, ಇಬ್ಬರೂ ಒಂದೇ ಭಾಗವನ್ನು ನುಡಿಸುವುದು, ಅದೇ ವಾದ್ಯದ ಉಳಿದ ಮಕ್ಕಳು ಕಣ್ಣುಮುಚ್ಚಿ ಕೇಳಿ ಕೈಯೆತ್ತಿ ತೀರ್ಪು ಕೊಡುವುದು, ಗೆದ್ದವರು ಮುಂದಕ್ಕೆ, ಸೋತವರು ಹಿಂದಕ್ಕೆ. ತೀರ್ಪು ಗುರುಗಳದ್ದಲ್ಲ, ಜೊತೆಗಾರರದ್ದು ಎಂಬುದೇ ಇದರ ಹೊಸತನ. ಕೇಳುವ ಕಿವಿಯನ್ನು ಇದು ಹರಿತಗೊಳಿಸಿತು ಎನ್ನುವವರು ಒಂದು ಕಡೆ. ರಾತ್ರಿ ಒಂದೇ ಕ್ಯಾಬಿನ್ನಿನಲ್ಲಿ ಮಲಗುವ ಗೆಳತಿಯನ್ನು ಹಗಲು ಕುರ್ಚಿಯಿಂದ ಇಳಿಸಬೇಕಾದ ಸಂಕಟವನ್ನು ವರ್ಷಗಳಾದರೂ ಮರೆಯದವರು ಇನ್ನೊಂದು ಕಡೆ. ಎರಡೂ ನಿಜವಿರಬೇಕು. ಆದರೂ ಹನ್ನೆರಡು ಹದಿಮೂರರ ಮಕ್ಕಳಿಗೆ ವಾರಕ್ಕೊಂದು ಬಹಿರಂಗ ಸೋಲು ಸ್ವಲ್ಪ ಅತಿಯಾಯಿತೆಂದೇ ಹೇಳಬೇಕು.

ಈ ಮೇಲುಕೀಳನ್ನು ಸರಿದೂಗಿಸುವಂತೆ ಇನ್ನೊಂದು ನಿಯಮವಿತ್ತು: ಸಮವಸ್ತ್ರ. ತಿಳಿನೀಲಿ ಅಂಗಿ, ಮೊಣಕಾಲಿನ ಕೆಳಗೆ ನಿಲ್ಲುವ ಗಾಢ ನೀಲಿಯ ಕಾರ್ಡುರಾಯ್ ನಿಕ್ಕರು, ಉದ್ದನೆಯ ಕಾಲುಚೀಲ. ಕಾಲುಚೀಲದ ಬಣ್ಣ ನೋಡಿದರೆ ಯಾವ ವಯೋಮಾನದ ಗುಂಪು ಎಂಬುದು ತಿಳಿಯುತ್ತಿತ್ತು. ಹಣವಂತರ ಮಕ್ಕಳೂ ವಿದ್ಯಾರ್ಥಿವೇತನದಲ್ಲಿ ಬಂದವರೂ ನೋಟಕ್ಕೆ ಒಂದೇ ಆಗಲಿ ಎಂಬ ಉದ್ದೇಶ ಇದರ ಹಿಂದಿನದು. ಗುರುಗಳಿಗೂ, ಬಂದ ಅತಿಥಿಗಳಿಗೂ ತಿಳಿನೀಲಿ ಅಂಗಿ ತಪ್ಪುತ್ತಿರಲಿಲ್ಲ. ಹದಿಹರೆಯದವರು ಆ ನಿಕ್ಕರನ್ನು ಗೇಲಿಮಾಡುತ್ತಲೇ ತೊಟ್ಟರು. ಕಾಲ ಸರಿದಂತೆ ನಿಕ್ಕರಿನ ಕಡ್ಡಾಯ ಸಡಿಲಗೊಂಡರೂ ನೀಲಿ ಬಣ್ಣ ಹೋಗಿಲ್ಲ.

ಶಿಬಿರಕ್ಕೆ ತನ್ನದೇ ಆದ ಒಂದು ರಾಗಖಂಡವೂ ಇದೆ. ಅಮೆರಿಕದ ಸಂಗೀತಗಾರ ಹೋವರ್ಡ್ ಹ್ಯಾನ್ಸನ್ ಅವರ ಎರಡನೇ ಸಿಂಫನಿಯನ್ನು 1930ರಲ್ಲಿ ಬಾಸ್ಟನ್ ಸಿಂಫನಿ ಆರ್ಕೆಸ್ಟ್ರಾ ಮೊದಲ ಬಾರಿಗೆ ನುಡಿಸಿತು. ಹ್ಯಾನ್ಸನ್ ಇಂಟರ್‌ಲಾಕನ್‌ಗೂ ಬರುತ್ತಿದ್ದವರು. ಆ ಸಿಂಫನಿಯ ಒಂದು ಮೃದುವಾದ ಭಾಗವನ್ನು ಶಿಬಿರ ತನ್ನದಾಗಿಸಿಕೊಂಡಿತು. ಕಾರ್ಯಕ್ರಮ ಮುಗಿದ ಮೇಲೆ ಆರ್ಕೆಸ್ಟ್ರಾ ನಡೆಸುವವರು ವೇದಿಕೆಯಿಂದ ಇಳಿಯುತ್ತಾರೆ. ಮೊದಲ ಕುರ್ಚಿಯ ಪಿಟೀಲು ವಾದಕ, ಅಂದರೆ ವಿದ್ಯಾರ್ಥಿಯೇ, ನಿಂತು ಆ ಭಾಗಕ್ಕೆ ಆರ್ಕೆಸ್ಟ್ರಾವನ್ನು ನಡೆಸುತ್ತಾನೆ. ಆಮೇಲೆ ಯಾರೂ ಚಪ್ಪಾಳೆ ತಟ್ಟುವಂತಿಲ್ಲ. ಹೊಸಬರು ತಟ್ಟಿಬಿಟ್ಟು ಸುತ್ತಲಿನವರ ಕಣ್ಣಿಗೆ ಗುರಿಯಾಗುವುದುಂಟು. ಬೇಸಿಗೆಯ ಕಟ್ಟಕಡೆಯ ಕಾರ್ಯಕ್ರಮದಲ್ಲಿ ಹಂಗೇರಿಯ ಸಂಗೀತಗಾರ ಫ್ರಾನ್ಜ್ ಲಿಸ್ಟ್ ರಚಿಸಿದ ‘ಲೆ ಪ್ರೆಲ್ಯೂಡ್’ ನುಡಿಸುವುದು ಮೊದಲ ವರ್ಷದಿಂದ ನಡೆದುಬಂದ ವಾಡಿಕೆ. ಅದು ನಡೆಯುವ ಕ್ರೆಸ್ಗೆ ಸಭಾಂಗಣಕ್ಕೆ ಚಾವಣಿ ಮಾತ್ರ ಇದೆ, ಬದಿಯ ಗೋಡೆಗಳಿಲ್ಲ. ಸುಮಾರು 4,000 ಮಂದಿ ಕೂರಬಹುದು. ವೇದಿಕೆಯ ಹಿಂದೆ ಸರೋವರ ಕಾಣುತ್ತದೆ.

ಮಕ್ಕಳ ಈ ಸಂಗೀತ ಒಮ್ಮೆ ಅಮೆರಿಕದ ಸಂಸತ್ತಿನವರೆಗೂ ಹೋಗಿತ್ತು. 1930ರ ದಶಕದಲ್ಲಿ ಶಿಬಿರದ ಕಾರ್ಯಕ್ರಮಗಳು ಎನ್‌ಬಿಸಿ ರೇಡಿಯೊದಲ್ಲಿ ದೇಶಕ್ಕೆಲ್ಲ ಕೇಳುತ್ತಿದ್ದವು. ಸಂಗೀತಗಾರರ ಕಾರ್ಮಿಕ ಸಂಘದ ಅಧ್ಯಕ್ಷ ಜೇಮ್ಸ್ ಪೆಟ್ರಿಲ್ಲೊ 1942ರಲ್ಲಿ ಅದನ್ನು ನಿಲ್ಲಿಸಿದರು. ಸಂಬಳವಿಲ್ಲದೆ ನುಡಿಸುವ ಮಕ್ಕಳು ಸಂಬಳಕ್ಕೆ ನುಡಿಸುವವರ ಅನ್ನ ಕಸಿಯುತ್ತಾರೆ ಎಂಬುದು ಅವರ ವಾದ. ರೇಡಿಯೊ ಬಂದಮೇಲೆ ಕೆಲಸ ಕಳೆದುಕೊಂಡ ವಾದಕರ ಸಂಖ್ಯೆ ನೋಡಿದರೆ ಆ ಭಯ ಸಂಪೂರ್ಣ ಹುಸಿಯೇನಲ್ಲ. ಆದರೆ ಶಾಲಾಮಕ್ಕಳ ಮೇಲೆ ಬಿದ್ದ ಈ ನಿಷೇಧ ಪತ್ರಿಕೆಗಳಲ್ಲಿ ದೊಡ್ಡ ಗದ್ದಲವೆಬ್ಬಿಸಿತು. ಪ್ರತಿಭಟಿಸಿದ ಮ್ಯಾಡಿಯವರನ್ನು ಸಂಘ ಸದಸ್ಯತ್ವದಿಂದ ಹೊರಹಾಕಿತು. 1946ರಲ್ಲಿ ಸಂಸತ್ತು ರೇಡಿಯೊ ಕೇಂದ್ರಗಳ ಮೇಲೆ ಇಂಥ ಒತ್ತಡ ಹಾಕುವುದನ್ನು ತಡೆಯುವ ಲೀ ಕಾಯಿದೆ ತಂದಿತು. ಜನ ಅದನ್ನು ಪೆಟ್ರಿಲ್ಲೊ ವಿರೋಧಿ ಕಾಯಿದೆ ಎಂದೇ ಕರೆದರು.

ಅತಿಥಿಗಳಾಗಿ ಬಂದವರ ಪಟ್ಟಿ ದೊಡ್ಡದು. ಮಾರ್ಚ್ ಸಂಗೀತದ ದೊರೆ ಎನಿಸಿದ್ದ ಜಾನ್ ಫಿಲಿಪ್ ಸೂಸಾ ತಮ್ಮ ಕೊನೆಯ ವರ್ಷಗಳಲ್ಲಿ ಇಲ್ಲಿಗೆ ಬಂದು, 1931ರಲ್ಲಿ ‘ದಿ ನಾರ್ದರ್ನ್ ಪೈನ್ಸ್’ ಎಂಬ ಮಾರ್ಚನ್ನು ಶಿಬಿರಕ್ಕೆಂದೇ ರಚಿಸಿದರು. ಆಸ್ಟ್ರೇಲಿಯಾ ಮೂಲದ ಸಂಗೀತಗಾರ ಪರ್ಸಿ ಗ್ರೇಂಜರ್ ಹಲವು ಬೇಸಿಗೆ ಇಲ್ಲಿ ಪಾಠ ಹೇಳಿದರು. 1939ರ ನ್ಯೂಯಾರ್ಕ್ ವಿಶ್ವ ಮೇಳದಲ್ಲಿ ಇಂಟರ್‌ಲಾಕನ್ ಆರ್ಕೆಸ್ಟ್ರಾವನ್ನು ಒಂಬತ್ತು ವರ್ಷದ ಹುಡುಗನೊಬ್ಬ ನಡೆಸಿದ. ಮುಂದೆ ನ್ಯೂಯಾರ್ಕ್ ಫಿಲ್‌ಹಾರ್ಮೋನಿಕ್‌ನ ಸಂಗೀತ ನಿರ್ದೇಶಕರಾದ ಲೋರಿನ್ ಮಾಜೆಲ್ ಅವರೇ ಆ ಹುಡುಗ. 1960-70ರ ದಶಕಗಳಲ್ಲಿ ಪಿಯಾನೊ ವಾದಕ ವ್ಯಾನ್ ಕ್ಲೈಬರ್ನ್ ಹೆಚ್ಚುಕಡಿಮೆ ಪ್ರತಿ ವರ್ಷ ಬಂದು ಶಿಬಿರದ ಸಹಾಯಾರ್ಥ ನುಡಿಸಿದರು.

ಸಂಗೀತಕ್ಕೆಂದು ಶುರುವಾದ ಶಿಬಿರಕ್ಕೆ ನಾಟಕ, ನೃತ್ಯ, ಚಿತ್ರಕಲೆಗಳು ಒಂದೊಂದಾಗಿ ಬಂದು ಸೇರಿದವು. ಬರವಣಿಗೆಯೂ ಸಿನಿಮಾವೂ ಈಚಿನವು. 1962ರಲ್ಲಿ ಅದೇ ನೆಲದಲ್ಲಿ ವರ್ಷವಿಡೀ ನಡೆಯುವ ವಸತಿ ಪ್ರೌಢಶಾಲೆಯೂ ಆರಂಭವಾಯಿತು. ಕಲೆ ಬದಲಾದಂತೆ ಶಿಬಿರದ ದಿನವೂ ಬದಲಾಗುತ್ತದೆ. ನಾಟಕದ ಮಕ್ಕಳು ಒಂದೇ ನಾಟಕಕ್ಕೆ ಮೂರು ವಾರ ಬೆವರಿಳಿಸುತ್ತಾರೆ. ಚಿತ್ರ ಬಿಡಿಸುವವರು, ಕುಂಬಾರಿಕೆಯವರು ಗುಂಪಿನ ನಡುವೆಯೂ ಒಂಟಿಯಾಗಿಯೇ ದುಡಿಯುತ್ತಾರೆ. ಬರೆಯುವ ಮಕ್ಕಳ ಕಷ್ಟವೇ ಬೇರೆ: ಬರೆದದ್ದನ್ನು ಓದಿ ಜೊತೆಗಾರರ ಟೀಕೆ ಕೇಳಿಸಿಕೊಳ್ಳಬೇಕು. ಎಲ್ಲರಿಗೂ ಸಮಾನವಾದದ್ದು ಸಂಜೆಯ ಪ್ರೇಕ್ಷಕರು. ಪಿಟೀಲಿನ ಹುಡುಗ ನಾಟಕ ನೋಡುತ್ತಾನೆ, ನೃತ್ಯದ ಹುಡುಗಿ ಕತೆ ಓದುವುದನ್ನು ಕೇಳುತ್ತಾಳೆ. ಊರಿನಲ್ಲಿ ಬೇರೆ ಬೇರೆ ತರಗತಿಗಳಿಗೆ ಓಡುವ ಮಕ್ಕಳಿಗೆ ಇದು ಸಿಗುವುದಿಲ್ಲ.

ಮನೆಯ ನೆನಪು ಎಲ್ಲ ವಸತಿ ಶಿಬಿರಗಳ ಪಾಡು. ಮೊದಲ ಕೆಲವು ರಾತ್ರಿ ಚಿಕ್ಕ ಮಕ್ಕಳು ಅಳುವುದು ಮಾಮೂಲು. ಕೌನ್ಸೆಲರ್‌ಗಳೆಂದರೆ ಹೆಚ್ಚಾಗಿ ಕಾಲೇಜು ವಯಸ್ಸಿನವರು. ಅವರು ಮಕ್ಕಳ ಕ್ಯಾಬಿನ್ನಿನಲ್ಲೇ ಮಲಗುತ್ತಾರೆ, ಊಟ ಬಿಟ್ಟವರನ್ನು ಗಮನಿಸುತ್ತಾರೆ. ಫೋನಿನ ಬಳಕೆಗೆ, ಅದರಲ್ಲೂ ಕಿರಿಯರಿಗೆ, ಬಿಗಿಯಾದ ಮಿತಿಯಿದೆ. ಕಾಗದ ಬರೆಯುವ ರೂಢಿ ಇನ್ನೂ ಉಳಿದಿರುವುದು ಅದರಿಂದಲೇ. ದಿನಕ್ಕೆ ಮೂರು ಬಾರಿ ಅಮ್ಮನ ದನಿ ಕೇಳುವ ಮಗು ಅಲ್ಲಿಯ ಗೆಳೆತನಕ್ಕೆ ತೆರೆದುಕೊಳ್ಳುವುದು ತಡ. ಈ ಮಟ್ಟಿಗೆ ನಿಯಮ ಒಪ್ಪತಕ್ಕದ್ದು.

ಆದರೆ ಮಕ್ಕಳನ್ನು ಮನೆಯಿಂದ ದೂರ ಇಡುವ ಯಾವ ಸಂಸ್ಥೆಯೂ ಅಪಾಯದಿಂದ ಹೊರತಲ್ಲ. ಬಾಲಕಿಯರ ಲೈಂಗಿಕ ಶೋಷಣೆಗೆ ಕುಖ್ಯಾತನಾದ ಹಣವಂತ ಜೆಫ್ರಿ ಎಪ್‌ಸ್ಟೈನ್ ಹುಡುಗನಾಗಿದ್ದಾಗ ಇದೇ ಶಿಬಿರಕ್ಕೆ ಬಂದಿದ್ದವನು, ಮುಂದೆ ದಾನಿಯಾಗಿ ಇಲ್ಲಿ ವಸತಿಗೃಹವೊಂದನ್ನೂ ಕಟ್ಟಿಸಿದ. 2021ರಲ್ಲಿ ನ್ಯೂಯಾರ್ಕ್‌ನಲ್ಲಿ ನಡೆದ, ಅವನ ಸಹಚರೆ ಗಿಲೇನ್ ಮ್ಯಾಕ್ಸ್‌ವೆಲ್ ವಿಚಾರಣೆಯಲ್ಲಿ ಮಹಿಳೆಯೊಬ್ಬರು, 1994ರಲ್ಲಿ ಹದಿನಾಲ್ಕರ ವಯಸ್ಸಿನಲ್ಲಿ ಆ ಇಬ್ಬರೂ ತಮಗೆ ಪರಿಚಯವಾದದ್ದು ಈ ಶಿಬಿರದಲ್ಲೇ ಎಂದು ಸಾಕ್ಷ್ಯ ಹೇಳಿದರು. ಎಪ್‌ಸ್ಟೈನ್‌ಗೆ ಶಿಕ್ಷೆಯಾದ ಬಳಿಕ ಸಂಸ್ಥೆ ಆ ಕಟ್ಟಡದಿಂದ ಅವನ ಹೆಸರನ್ನು ತೆಗೆದಿತ್ತು. ಹಣ ಕೊಟ್ಟವರಿಗೆ ಮಕ್ಕಳಿರುವ ಆವರಣದೊಳಗೆ ಎಷ್ಟು ಸಲಿಗೆ ಇರಬೇಕು ಎಂಬ ಪ್ರಶ್ನೆಯನ್ನು ಯಾವ ವಸತಿ ಶಿಬಿರದ ಬಗೆಗೂ ಪೋಷಕರು ಸಂಕೋಚವಿಲ್ಲದೆ ಕೇಳಬೇಕು. ರಾತ್ರಿ ಕ್ಯಾಬಿನ್ನಿನಲ್ಲಿ ಯಾರಿರುತ್ತಾರೆ, ಸಿಬ್ಬಂದಿಯ ಹಿನ್ನೆಲೆಯನ್ನು ಹೇಗೆ ಪರಿಶೀಲಿಸುತ್ತಾರೆ, ಹೊರಗಿನವರು ಬಂದರೆ ಜೊತೆಗೆ ಯಾರು ಇರುತ್ತಾರೆ ಎಂಬುದೂ ಅದರೊಂದಿಗೆ ಕೇಳಬೇಕಾದದ್ದೇ.

ಶುಲ್ಕ ಸಣ್ಣದಲ್ಲ. ಆರು ವಾರಕ್ಕೆ ಈಗ ಹತ್ತು ಸಾವಿರ ಡಾಲರ್‌ಗೂ ಮಿಗಿಲು. ಒಂದು ವಾರದಿಂದ ಆರು ವಾರದವರೆಗೆ ಬೇರೆ ಬೇರೆ ಅವಧಿಗಳಿರುವುದರಿಂದ ಕಡಿಮೆ ಖರ್ಚಿನ ದಾರಿಯೂ ಇದೆ. ಅಗತ್ಯಕ್ಕೂ ಪ್ರತಿಭೆಗೂ ತಕ್ಕಂತೆ ಸಹಾಯಧನ ಸಿಗುತ್ತದೆ. ಹಾಗಿದ್ದೂ ಉಳ್ಳವರ ಮಕ್ಕಳಿಗೆ ಇಲ್ಲಿ ಹಾದಿ ಸಲೀಸು ಎಂಬುದನ್ನು ಸಮವಸ್ತ್ರ ಮುಚ್ಚಲಾರದು. ಚಿಕ್ಕ ಅವಧಿಯ ಆರಂಭಿಕ ತರಗತಿಗಳಿಗೆ ಅರ್ಜಿ ಸಾಕು. ಮೇಲಿನ ಹಂತದವಕ್ಕೆ ಮಗು ನುಡಿಸಿದ ಅಥವಾ ನಟಿಸಿದ ವಿಡಿಯೊ ಕಳಿಸಬೇಕು, ಚಿತ್ರಕಲೆಯವರು ತಮ್ಮ ಚಿತ್ರಗಳನ್ನು, ಬರೆಯುವವರು ಬರೆದದ್ದನ್ನು.

ಕರ್ನಾಟಕ ಸಂಗೀತದ ಪಿಟೀಲು ಕಲಿತ ಮಗು ಇಲ್ಲಿಯ ಆರ್ಕೆಸ್ಟ್ರಾಕ್ಕೆ ಸೇರಬಯಸಿದರೆ ಬೇರೆಯೇ ಸಿದ್ಧತೆ ಬೇಕು. ನೆಲದ ಮೇಲೆ ಚಕ್ಕಳಮಕ್ಕಳ ಕೂತು ಪಿಟೀಲಿನ ತಲೆಯನ್ನು ಪಾದದ ಮೇಲೆ ಊರಿ ನುಡಿಸಿ ರೂಢಿಯಾದ ಕೈ ಕುರ್ಚಿಯ ಭಂಗಿಗೆ ಹೊಂದಬೇಕು. ಐದು ಗೆರೆಗಳ ಸ್ವರಲಿಪಿಯನ್ನು ನೋಡಿದೊಡನೆ ಓದಬೇಕು. ಎಲ್ಲಕ್ಕಿಂತ ಕಷ್ಟದ್ದು, ಹದಿನೈದು ಇಪ್ಪತ್ತು ಕಮಾನುಗಳು ಒಂದೇ ದಿಕ್ಕಿಗೆ ಏಕಕಾಲದಲ್ಲಿ ಚಲಿಸುವಾಗ ತನ್ನ ಗಮಕವನ್ನು ಅಡಗಿಸಿಕೊಳ್ಳುವುದು. ಒಬ್ಬರ ಮನೋಧರ್ಮವೇ ಪ್ರಧಾನವಾದ ಪದ್ಧತಿಯಿಂದ ಬಂದ ಮಗುವಿಗೆ ಇದು ಮೊದಲಿಗೆ ನಷ್ಟವೆನಿಸಬಹುದು. ಸ್ವರದ ಮೇಲಿನ ಹಿಡಿತವೂ ತಾಳಜ್ಞಾನವೂ ಮಾತ್ರ ಎರಡೂ ಕಡೆ ಒದಗಿಬರುತ್ತವೆ.

ಇಲ್ಲಿಗೆ ಬಂದುಹೋದವರಲ್ಲಿ ಗಾಯಕ ಜಾಷ್ ಗ್ರೋಬನ್, ಪಂಡಿತ ರವಿಶಂಕರ್ ಅವರ ಮಗಳು ನೋರಾ ಜೋನ್ಸ್ ಸೇರಿದ್ದಾರೆ. ಅಮೆರಿಕದ ದೊಡ್ಡ ಆರ್ಕೆಸ್ಟ್ರಾಗಳಲ್ಲಿ ಇಂಟರ್‌ಲಾಕನ್‌ನ ಹಳಬರು ಎಲ್ಲೆಲ್ಲೂ ಸಿಗುತ್ತಾರೆ. ಆದರೆ ಶಿಬಿರಕ್ಕೆ ಬಂದ ಹೆಚ್ಚಿನ ಮಕ್ಕಳು ಮುಂದೆ ಕಲೆಯನ್ನು ಕಸುಬಾಗಿ ಹಿಡಿಯುವುದಿಲ್ಲ. ವೈದ್ಯರೋ ವಕೀಲರೋ ಎಂಜಿನಿಯರೋ ಆಗುತ್ತಾರೆ. ಗೂಗಲ್ ಕಟ್ಟಿದ ಇಬ್ಬರಲ್ಲೊಬ್ಬರಾದ ಲ್ಯಾರಿ ಪೇಜ್ ಕೂಡ ಬಾಲ್ಯದಲ್ಲಿ ಇಲ್ಲಿ ಸಂಗೀತ ಕಲಿತವರು. ಸಂಗೀತದಲ್ಲಿ ಕಾಲಪ್ರಮಾಣಕ್ಕೆ ಇರುವ ಮಹತ್ವ ತನ್ನೊಳಗೆ ಇಳಿದದ್ದರಿಂದಲೇ ಕಂಪ್ಯೂಟರ್‌ಗಳ ವೇಗದ ಬಗ್ಗೆ ಅಷ್ಟೊಂದು ತಲೆಕೆಡಿಸಿಕೊಂಡೆ ಎಂಬ ಅರ್ಥದ ಮಾತನ್ನು ಅವರು ಆಡಿದ್ದುಂಟು. 2006ರಲ್ಲಿ ಅಮೆರಿಕ ಸರ್ಕಾರ ಕಲಾಕ್ಷೇತ್ರದ ರಾಷ್ಟ್ರೀಯ ಪದಕವನ್ನು ಇಂಟರ್‌ಲಾಕನ್ ಸಂಸ್ಥೆಗೆ ನೀಡಿತು.